ಜಿಡ್ಡಿನ ಚುಕ್ಕೆ

ಜೇನ್ಸ್‌ವಿಲ್, ಒಹಾಯೊ, 1839: ಕೋರ್ಟಿನ ಗುಮಾಸ್ತ ಹೇಳಿದ್ದು

ಚೀಟಿ ಚಿಕ್ಕದು, ನನ್ನ ಅಂಗೈಯಷ್ಟು.
ಅರವತ್ತು ದಿನಕ್ಕೆ ಕೊಡುತ್ತೇವೆ, ನಾನೂರು ಡಾಲರು,
ಪಡೆದ ಮೌಲ್ಯಕ್ಕೆ, ಎಂದು ಎರಡು ಸಾಲು.
ಕೆಳಗೆ ‘ಟಿಫ್ಟ್ ಮತ್ತು ಲಾಕ್‌ಹಾರ್ಟ್’:
ಇಬ್ಬರ ಹೆಸರು, ಒಬ್ಬನದೇ ಕೈ.

ಲಾಕ್‌ಹಾರ್ಟ್ ಕೊಂಡದ್ದು ಒಂದು ಕಂದು ಕುದುರೆ.
ಪೀಪಾಯಿ ಅಂಗಡಿಯ ಲೆಕ್ಕದಲ್ಲಿ ಅದಕ್ಕೆ ಹುಲ್ಲೂ ಇಲ್ಲ.
ಮಾರ್ಚಿಯ ನೆರೆ ಇಳಿದದ್ದೇ ಅದನ್ನೇರಿ
ಕೆಂಟಕಿಯ ಕಡೆ ಹೋದವನು
ಹೆಸರನ್ನಷ್ಟೇ ಇಲ್ಲಿ ಬಿಟ್ಟು ಹೋದ.

ಚೀಟಿ ಈಗ ಕ್ರೇನ್ ಎಂಬವನದು.
‘ತಿಂಗಳ ಮೇಲೆ, ನದಿಯಾಚೆ, ರೊಕ್ಕ ಎಣಿಸಿ ಕೊಂಡದ್ದು;
ಕುದುರೆಯೋ ಕತ್ತೆಯೋ ನಮಗೇನು ಗೊತ್ತು’
ಎಂದು ಅವನ ವಕೀಲ ಹೇಳಿದ. ಕ್ರೇನ್ ಹೇಳಲಿಲ್ಲ.
ದಾವೆ ಹೂಡಿದವನು ಸಾಕ್ಷಿಯಾಗುವ ಹಾಗಿಲ್ಲ.
ಅದರಿಂದ ಅವನಿಗೇನೂ ನಷ್ಟವಾದಂತೆ ಕಾಣಲಿಲ್ಲ.

ಅಸಾಹೆಲ್ ಟಿಫ್ಟ್ ಎದ್ದು ನಿಂತ.
ಕೂತುಕೋ ಅಂದರು. ನಿನ್ನ ಗಂಟು ಇದರಲ್ಲಿದೆ,
ಗಂಟಿದ್ದವನ ನಾಲಗೆ ನೆಟ್ಟಗಿರುವುದಿಲ್ಲ.
ಹೆಂಡತಿ ಮೆಹಿಟಬೆಲ್, ಲೆಕ್ಕ ಬರೆಯುತ್ತಿದ್ದವಳು,
ಪುಸ್ತಕವನ್ನು ಎದೆಗವಚಿಕೊಂಡು ಬಂದಿದ್ದಳು.
ಗಂಡಹೆಂಡಿರದು ಒಂದೇ ಬಾಯಿ,
ಅದನ್ನು ಆಗಲೇ ಮುಚ್ಚಿಸಿದೆವಲ್ಲ ಅಂದರು.
ಲಾಕ್‌ಹಾರ್ಟೇ ಮೇಸ್‌ವಿಲ್‌ನಿಂದ
ತಪ್ಪೊಪ್ಪಿ ಹೇಳಿಕೆ ಕಳಿಸಿದ್ದ, ಮುದ್ರೆಯೊತ್ತಿ.
ಓದಲೇ ಇಲ್ಲ. ತನ್ನ ಕೈ ಬರೆದದ್ದನ್ನು
ತನ್ನ ಬಾಯಿ ಕೆಡಿಸಕೂಡದು.

ಅಂಗಡಿ ಗುಡಿಸುವ ಹುಡುಗನಿಗೆ ಒಂಬತ್ತು ವರ್ಷ.
ಸುಳ್ಳು ಹೇಳಿದವರು ಎಲ್ಲಿಗೆ ಹೋಗುತ್ತಾರಪ್ಪ?
‘ಕೆಂಟಕಿಗೆ.’
ಕೋರ್ಟು ನಕ್ಕಿತು. ಇನ್ನೊಮ್ಮೆ ಕೇಳಿದಾಗ ನರಕಕ್ಕೆ ಎಂದ.
ಅರ್ಹ, ಎಂದು ಬರೆದುಕೊಂಡೆ.
ಅವನು ಕಂಡದ್ದು ಕುದುರೆಯ ಹಿಂಗಾಲಿನ ಬಿಳಿ. ಅಷ್ಟೇ.

ಪ್ಲೆಸೆಂಟ್ ಗೋಯಿನ್ಸನನ್ನು ಯಾರೂ ಕರೆಯಲಿಲ್ಲ.
ಹನ್ನೊಂದು ವರ್ಷದಿಂದ ಅಲ್ಲಿ ಹಲಗೆ ಬಾಗಿಸುವವನು.
ಸ್ವತಂತ್ರ; ಅದರ ಕಾಗದ ಇದೇ ಕೋರ್ಟಿನ ಪೆಟ್ಟಿಗೆಯಲ್ಲಿದೆ,
ನಾನೇ ನಕಲು ಮಾಡಿದ್ದು.
ಆದರೆ ಬಿಳಿಯರ ವ್ಯಾಜ್ಯದಲ್ಲಿ ಕರಿಯನ ಆಣೆ
ಈ ರಾಜ್ಯದಲ್ಲಿ ಆಣೆಯಲ್ಲ.
ಮೆಟ್ಟಿಲ ಬಳಿ ಟೋಪಿ ಹಿಡಿದು ನಿಂತಿದ್ದ.
ನನಗೆ ಮಾತ್ರ ಹೇಳಿದ, ಮೋಡ ಕವಿದಿದೆ ಎನ್ನುವ ಹಾಗೆ:
‘ಆ ರಾತ್ರಿ ಬತ್ತಿ ಹಿಡಿದು ನಿಂತಿದ್ದವರು ಕ್ರೇನ್ ಸಾಹೇಬರೇ.
ಕೊಬ್ಬಿನ ಬತ್ತಿ. ಒಂದು ಹನಿ ಮೂಲೆಗೆ ಬಿತ್ತು.’

ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ.
ನಾವು ಕಂಡವರನ್ನೇ ಪರಾಂಬರಿಸಿ
ಒಬ್ಬೊಬ್ಬರನ್ನಾಗಿ ಹೊರಗೆ ಕಳಿಸಿದೆವು.

ಊಟದ ಬಿಡುವಿನಲ್ಲಿ ಚೀಟಿಯನ್ನು ಕಿಟಕಿಗೆ ಹಿಡಿದೆ.
ಎಡಮೂಲೆಯಲ್ಲಿ ಗೋಧಿಕಾಳಿನಷ್ಟು ಜಾಗ
ಬೆಳಕನ್ನು ಒಳಗೆ ಬಿಡುತ್ತಿತ್ತು.
ಅದರಾಚೆ ಮಸ್ಕಿಂಗಮ್ ನದಿ, ಉಪ್ಪಿನ ದೋಣಿ.
ಇಳಿಸಿದೆ. ಮಡಿಸಿದೆ, ಹಳೆಯ ಮಡಿಕೆಯಲ್ಲೇ.
ಗುಮಾಸ್ತನನ್ನು ಯಾರೂ ಕೇಳುವುದಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ,
ಅದು ಬೇರೆ ಮಾತು.

ತೀರ್ಪು: ನಾನೂರು, ಬಡ್ಡಿ ಹನ್ನೆರಡು, ಖರ್ಚು ಬೇರೆ.
ನನ್ನ ಬರವಣಿಗೆಗೆ ಎಪ್ಪತ್ತೈದು ಸೆಂಟು.

ಅಂಗಡಿ ಹರಾಜಾಯಿತು. ಕೂಗಿ ಕೊಂಡವನು ಕ್ರೇನ್.
ಪ್ಲೆಸೆಂಟ್ ಈಗ ಅವನಿಗೆ ಹಲಗೆ ಬಾಗಿಸುತ್ತಾನೆ.
ನವೆಂಬರಿನಲ್ಲಿ ಹೋಗಿದ್ದೆ,
ಮಾಂಸಕ್ಕೆ ಉಪ್ಪು ಹಾಕಿಡಲು ಪೀಪಾಯಿ ಬೇಕಿತ್ತು.
ಸೋರುವುದಿಲ್ಲ ತಾನೆ, ಎಂದೆ.
ನನ್ನ ಮುಖವನ್ನೇ ನೋಡಿದ, ಸ್ವಲ್ಪ ಹೊತ್ತು.
‘ನನ್ನ ಮಾತೇಕೆ ಸ್ವಾಮಿ,’ ಎಂದ,
‘ನೀರು ತುಂಬಿ ನೋಡಿ.’